ಭಟ್ಟರ ಮೂಗು

ಅಡುಗೆ ಮಾಡುವವರು ಬಡಿಸುವ ಮೊದಲು ಅದನ್ನು ನಾಲಗೆಗೆ ಇಟ್ಟು ನೋಡುವಂತಿಲ್ಲ. ನೋಡಿದರೆ ಎಂಜಲಾಯಿತು. ನಮ್ಮ ಕರಾವಳಿಯವರು ಚೆನ್ನೈಯಲ್ಲಿ ನಡೆಸುವ ಹಳೆಯ ಅಡುಗೆಮನೆಗಳಲ್ಲಿ ಈ ಕ್ರಮ ಇವತ್ತಿಗೂ ಇದೆ. ಉಪ್ಪು, ಹುಳಿ, ಇಂಗು ಎಲ್ಲವನ್ನೂ ಮೂಗಿನಿಂದಲೇ ತಿಳಿಯಬೇಕು. ಕೊಪ್ಪರಿಗೆಯ ಮೇಲೆ ಬಾಗಿ, ಕೈಯಿಂದ ಹಬೆಯನ್ನು ಮುಖದ ಕಡೆ ಎಳೆದುಕೊಂಡು, ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡರೆ ಸಾರು ತಾನೇ ಹೇಳುತ್ತದೆ. ಉಪ್ಪಿಗೂ ವಾಸನೆ ಉಂಟಾ ಎಂದು ಕೇಳುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಉಂಟು, ಅಷ್ಟೆ.

ಕೋಡಂಬಾಕ್ಕಂನಲ್ಲಿರುವ ನಮ್ಮ ಕೇಟರಿಂಗ್ ಅಡುಗೆಮನೆಯ ಮುಖ್ಯ ಅಡುಗೆಯವರನ್ನು ನಾವೆಲ್ಲ ಭಟ್ರು ಎಂದೇ ಕರೆಯುತ್ತಿದ್ದೆವು. ಕೊರೊನಾ ಬಂದು ಮಲಗಿ ಎದ್ದ ಮೇಲೆ ಅವರ ಮೂಗು ಹೋಯಿತು. ಊರಿಗೆಲ್ಲ ವಾಸನೆ ವಾಪಸು ಬಂತು, ಅವರಿಗೆ ಬರಲಿಲ್ಲ. ಪಾಪ, ಎಷ್ಟು ಡಾಕ್ಟರರನ್ನು ಕಂಡರೋ! ಕರ್ಪೂರ ಹಚ್ಚಿ ಮೂಗಿನ ಹತ್ತಿರ ಹಿಡಿದುಕೊಂಡು ನಿಲ್ಲುತ್ತಿದ್ದರು. ಏನೂ ಇಲ್ಲ. ಅಡುಗೆಯವನಿಗೆ ಮೂಗು ಹೋದರೆ ಮತ್ತೇನು ಉಳಿಯಿತು?

ನಾನು ಅಲ್ಲಿ ಸ್ಟೋರಿನವಳು. ಬೇಳೆ, ಬೆಲ್ಲ, ಎಣ್ಣೆ ಬಂದದ್ದನ್ನು ನೋಡಿ ಒಳಗಿಡುವುದು, ಕೇಳಿದ್ದನ್ನು ತೆಗೆದುಕೊಡುವುದು ನನ್ನ ಕೆಲಸ. ನನ್ನ ಅಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಈಗಿನ ಧಣಿಗಳ ತಂದೆಯ ಹೋಟೆಲಿನಲ್ಲಿ ಲೋಟ ತೊಳೆದವರು. ನಾವು ಮೀನು ಹಿಡಿಯುವವರು. ಅಪ್ಪ ಸಾಯುವವರೆಗೂ ಊಟದ ಹಾಲ್ ದಾಟಿ ಒಳಗೆ ಹೋದವರಲ್ಲ. ನಾನು ಸ್ಟೋರಿನವರೆಗೆ ಬಂದೆ. ಸ್ಟೋರಿಗೂ ಒಲೆಗಳಿಗೂ ನಡುವೆ ಒಂದು ಕಲ್ಲಿನ ಮೆಟ್ಟಿಲು. ಅದರ ಮೇಲೆ ಬ್ರಾಹ್ಮಣರು ಮಾತ್ರ. ತರಕಾರಿ ಹೆಚ್ಚುವವರು, ರುಬ್ಬುವವರು, ಪಾತ್ರೆ ತೊಳೆಯುವವರು ಎಲ್ಲ ಕೆಳಗೆ. ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮದುವೆ, ಉಪನಯನದ ಅಡುಗೆಗೆ ಮೈಲಾಪೂರಿನ ಮಂದಿ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದದ್ದೇ ಆ ಮೆಟ್ಟಿಲಿನ ನಂಬಿಕೆಯಿಂದ.

ಒಂದು ಬೆಳಿಗ್ಗೆ ಭಟ್ಟರು ಮೆಟ್ಟಿಲಿನ ಅಂಚಿಗೆ ಬಂದು ನಿಂತರು. "ಇಲ್ಲಿ ಬಾ" ಎಂದರು.

"ಎಂತ ಬೇಕು ಭಟ್ರೇ? ಅಲ್ಲಿಗೇ ತಂದುಕೊಡ್ತೇನೆ."

"ಎಂತದೂ ಬೇಡ. ನೀನು ಬಾ. ಮೇಲೆ ಬಾ ಮಾರಾಯ್ತಿ, ಸಾರು ಕೆಡ್ತದೆ."

ಮೆಟ್ಟಿಲು ಹತ್ತಿದೆ. ಇಂಗಿನ ಡಬ್ಬಿ ತೆರೆದ ಕೂಡಲೇ ಅದು ಅಸಲಿಯೋ ಹಿಟ್ಟು ಬೆರೆಸಿದ್ದೋ ಎಂದು ನಾನು ಹೇಳುವುದನ್ನು ಅವರು ನೋಡಿದ್ದರು. ಅದಕ್ಕೇ ಕರೆದದ್ದು. ಕೊಪ್ಪರಿಗೆಯ ಹತ್ತಿರ ನಿಲ್ಲಿಸಿ, "ಎಂತ ವಾಸನೆ ಬರ್ತಾ ಉಂಟು, ಹೇಳು" ಎಂದರು. ಹುಳಿ ಮುಂದೆ ನಿಂತಿದೆ, ಬೆಲ್ಲ ಹಿಂದೆ ಬಿದ್ದಿದೆ ಎಂದೆ. ಬೆಲ್ಲ ಹಾಕಿದರು. "ಈಗ?" ಈಗ ಸರಿಯಾಯಿತು ಎಂದೆ. ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ನಾನು ಹೊಗೆ ಎಂದೆ.

ಮೊದಲು ಮೂಗು ಮಾತ್ರ ನನ್ನದು, ಕೈ ಅವರದು. ಆಮೇಲೆ ಅವರ ಕೈಗೂ ಬೇಸರ ಬಂತು. ವಾಸನೆಯೇ ಸಿಗದ ಅಡುಗೆಯನ್ನು ಯಾವ ಖುಷಿಗೆ ಮಾಡುವುದು? ಒಗ್ಗರಣೆ ನೀನೇ ಹಾಕು ಎಂದರು, ಆಮೇಲೆ ಹುಳಿ ನೀನೇ ಕೂಡಿಸು ಎಂದರು, ಕೊನೆಗೆ ಸ್ಟೂಲು ಹಾಕಿಕೊಂಡು ಕೂತರು. ಅವರ ಕೈಕೆಳಗಿನ ಇಬ್ಬರು ಅಡುಗೆಯವರು ಕಂಡೂ ಕಾಣದ ಹಾಗೆ ಇದ್ದರು. ಭಟ್ಟರು ಬಿದ್ದರೆ ತಾವೂ ಬೀಳುತ್ತೇವೆ ಎಂದು ಅವರಿಗೆ ಗೊತ್ತಿತ್ತು. ಧಣಿಗಳು ಒಳಗೆ ಬರುವಾಗ ಹೊರಗಿನಿಂದಲೇ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದ ಕೂಡಲೇ ನಾನು ಮೆಟ್ಟಿಲು ಇಳಿದು ಬೇಳೆ ಮೂಟೆಯ ಹತ್ತಿರ ನಿಲ್ಲುತ್ತಿದ್ದೆ. ಅವರು ಯಾಕೆ ಕೆಮ್ಮುತ್ತಿದ್ದರು ಎಂದು ಬಹಳ ದಿನ ನನಗೆ ಹೊಳೆಯಲಿಲ್ಲ. ಅವರಿಗೂ ಗೊತ್ತಿತ್ತು, ಕಣ್ಣಾರೆ ಕಾಣುವುದು ಮಾತ್ರ ಬೇಡವಾಗಿತ್ತು.

ನಾನು ಸುಖವಾಗಿದ್ದೆ. ಇದನ್ನು ಹೇಳಲು ನಾಚಿಕೆ ಇಲ್ಲ. ಗಂಡ ತೀರಿಕೊಂಡ ಮೇಲೆ ನನ್ನದು ಎಂದು ನನಗೆ ಅನಿಸಿದ್ದು ಆ ಒಲೆಯೊಂದೇ. ಕೊಪ್ಪರಿಗೆ ತುಂಬ ಹುಳಿ ಒಂದು ಹದಕ್ಕೆ ಬಂದು ನಿಂತಾಗ ಮೈ ಜುಂ ಎನ್ನುತ್ತಿತ್ತು. ಬಡಿಸಲು ಹೋದವರು ವಾಪಸು ಬಂದು "ಎರಡನೇ ಸಲ ಕೇಳ್ತಿದ್ದಾರೆ" ಎಂದರೆ ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಹೋದರೂ ಕಾಲು ನೋಯುತ್ತಿರಲಿಲ್ಲ.

ಅಷ್ಟರಲ್ಲಿ ಭಟ್ಟರು ಸಾಕು ಎಂದರು. ಊರಿಗೆ ಹೋಗಿ ತಂಗಿಯ ಮನೆಯಲ್ಲಿ ಇರುತ್ತೇನೆ ಎಂದರು. ಅದೇ ಹೊತ್ತಿಗೆ ಧಣಿಗಳಿಗೆ ದೊಡ್ಡ ಕಂಪನಿಯೊಂದರ ಕ್ಯಾಂಟೀನ್ ಸಿಗುವ ಹಾಗಿತ್ತು. ಅದರ ಅಡುಗೆಯೂ ಕೋಡಂಬಾಕ್ಕಂನಲ್ಲೇ ಆಗಬೇಕು. ಮುಖ್ಯ ಅಡುಗೆಯವರು ಯಾರು ಎಂಬ ಮಾತು ಎದ್ದಿತು. ಕೊಯಮತ್ತೂರಿನಲ್ಲಿ ಭಟ್ಟರ ಅಳಿಯನೊಬ್ಬ ಇದ್ದ, ತನ್ನ ಜನರನ್ನೂ ಕಟ್ಟಿಕೊಂಡೇ ಬರುವವನು. ಅವನು ಬಂದರೆ ನಾನು ಮೆಟ್ಟಿಲ ಕೆಳಗೆ. ಬೇರೆ ಕಡೆ ಹೋಗಿ ಕೇಳೋಣ ಎಂದರೆ ಯಾರು ನಂಬುತ್ತಾರೆ? ಎಲ್ಲರ ಲೆಕ್ಕದಲ್ಲಿ ನಾನು ಬೇಳೆ ತೂಗುವವಳು. ಮೈಲಾಪೂರಿನ ಅರ್ಧ ಮದುವೆಗಳಿಗೆ ಸಾರು ಮಾಡಿದ್ದೇನೆ ಎಂದರೆ ನಗುತ್ತಾರೆ. ಈ ಒಲೆ ಹೋದರೆ ನನಗೆ ಮತ್ತೊಂದು ಒಲೆ ಇರಲಿಲ್ಲ.

ಆ ಕಂಪನಿಯವರದ್ದು ಒಂದು ಷರತ್ತು. ಅವರ ಜೊತೆ ವ್ಯವಹಾರ ಮಾಡುವವರು ತಮ್ಮ ಕೆಲಸಗಾರರಿಗೆಲ್ಲ ಸಮಾನತೆಯ ಬಗ್ಗೆ, ಎಲ್ಲರನ್ನೂ ಒಳಗೊಳ್ಳುವುದರ ಬಗ್ಗೆ ಒಂದು ದಿನದ ಟ್ರೇನಿಂಗ್ ಕೊಡಿಸಬೇಕು. ಕೊನೆಯಲ್ಲಿ ಕಲಿತವರೇ ಎದ್ದು ಹೇಗಿತ್ತು ಎಂದು ಹೇಳಬೇಕು. ಕಂಪನಿಯ ಮೇಡಂ ಖುದ್ದಾಗಿ ಬಂದು ಕೂತು ಕೇಳುತ್ತಾರಂತೆ. ಈ ಸುದ್ದಿ ಕೇಳಿ ನನಗೆ ಹುಚ್ಚು ಆಸೆ ಹುಟ್ಟಿತು. ಅಲ್ಲಿ ಹೇಳಿದರೆ ಧಣಿಗಳು ಇಲ್ಲ ಎನ್ನುವ ಹಾಗಿಲ್ಲವಲ್ಲ! ಮನೆಯಲ್ಲಿ ಮಗಳ ಹತ್ತಿರ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ತಮಿಳು. "ಕೇಳುಮ್ಮಾ, ನೇರಾ ಕೇಳು" ಎಂದಳು. ಅವಳಿಗೇನು, ಒಲೆ ಹೋಗುವುದು ನನ್ನದು.

ಮಾರನೆಯ ದಿನ ಭಟ್ಟರ ಮುಂದೆ ಕೈಮುಗಿದೆ. "ಭಟ್ರೇ, ಆ ದಿನ ನೀವು ಒಂದು ಮಾತು ಹೇಳಬೇಕು. ಇವಳೇ ಮಾಡುದು, ಇವಳಿಗೇ ಬಿಡಿ ಅಂತ. ಅಷ್ಟೇ. ನಾನು ಮತ್ತೆ ನಿಮ್ಮನ್ನು ಎಂತದೂ ಕೇಳುದಿಲ್ಲ."

ಅವರು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. "ಹೇಳ್ತೇನೆ. ನೀನು ಮಾತ್ರ ಬಾಯಿ ಬಿಡಬೇಡ. ನಾನು ಹೇಳಿದ್ರೆ ಅದಕ್ಕೆ ತೂಕ ಬೇರೆ. ಆ ದಿನದ ಊಟ ಒಂದು ಗಮ್ಮತ್ತು ಮಾಡು ನೋಡುವ."

ಮಾಡಿದೆ. ಅಯ್ಯೋ, ಅವತ್ತು ಮಾಡಿದ ಹಾಗೆ ಜೀವನದಲ್ಲಿ ಎಂದೂ ಮಾಡಿರಲಿಲ್ಲ. ನಿಂಬೆ ಸಾರು, ಸೌತೆಕಾಯಿ ಹುಳಿ, ಬಾಳೆಕಾಯಿ ಪಲ್ಯ, ಕಡಲೆಬೇಳೆ ಪಾಯಸ. ಬೆಳಕು ಹರಿಯುವ ಮುಂಚೆ ಕೊತ್ತಂಬರಿ ಹುರಿಯಲು ಕೂತವಳು ನೀರು ಕುಡಿಯುವುದನ್ನೂ ಮರೆತಿದ್ದೆ. ಎಲ್ಲವನ್ನೂ ವ್ಯಾನಿಗೆ ಏರಿಸಿ, ಸೀರೆ ಬದಲಾಯಿಸಿಕೊಂಡು, ನುಂಗಂಬಾಕ್ಕಂನಲ್ಲಿ ಧಣಿಗಳ ಹೋಟೆಲಿನ ಮಹಡಿಯ ಮೇಲಿನ ಹಾಲ್‌ಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಟ್ರೇನಿಂಗ್ ಕೊಡಲು ಬಂದಿದ್ದವಳು ಚುರುಕಾದ ತಮಿಳು ಹುಡುಗಿ. ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಪರದೆಯ ಮೇಲೆ ಒಂದು ಚಿತ್ರ ತೋರಿಸಿದಳು. ಗೋಡೆಯಾಚೆ ನಡೆಯುವ ಆಟ ನೋಡಲು ಕುಳ್ಳಗಿನವನಿಗೆ ಪೆಟ್ಟಿಗೆ ಇಟ್ಟು ನಿಲ್ಲಿಸಿದ್ದರು. ಪಕ್ಕದ ತರಕಾರಿಯವನು ನನ್ನ ಕಿವಿಯಲ್ಲಿ, "ಅಕ್ಕಾ, ಅದು ಟೊಮೆಟೊ ಪೆಟ್ಟಿಗೆ ಅಲ್ವಾ? ನಿಂತ್ರೆ ಮುರೀತದೆ" ಎಂದ. ನಗು ಬರಲಿಲ್ಲ. ನನ್ನ ಕಣ್ಣೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದ ಭಟ್ಟರ ಬೆನ್ನಿನ ಮೇಲೆ. ಅವರು ಹೆಗಲಿನ ಬೈರಾಸನ್ನು ತೆಗೆದು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದರು.

ಊಟಕ್ಕೆ ಎಲೆ ಹಾಕಿದರು. ಕಂಪನಿಯ ಮೇಡಂ ಧಣಿಗಳ ಪಕ್ಕದಲ್ಲಿ ಕೂತು ಸಾರನ್ನು ಎರಡನೇ ಸಲ ಹಾಕಿಸಿಕೊಂಡರು, ಮೂರನೇ ಸಲವೂ ಹಾಕಿಸಿಕೊಂಡರು. ನನಗೆ ತುತ್ತು ಇಳಿಯಲಿಲ್ಲ. ಆಗಿಹೋಯಿತು, ನನ್ನ ಕೆಲಸ ಆಗಿಹೋಯಿತು ಎಂದುಕೊಂಡೆ.

ಊಟವಾದ ಮೇಲೆ ಎಲ್ಲರನ್ನೂ ಕೂರಿಸಿ ಆ ಹುಡುಗಿ ಮೈಕ್ ಹಿಡಿದು, "ಎಪ್ಪಡಿ ಇರುಂದದು? ಹೇಗಿತ್ತು? ಮನಸ್ಸು ಬಿಚ್ಚಿ ಹೇಳಿ" ಎಂದಳು. ಹೋಟೆಲಿನವರನ್ನು ಕೂರಿಸಿ, ಊಟವಾದ ಮೇಲೆ, ಹೇಗಿತ್ತು ಎಂದು ಕೇಳಿದರೆ ಅವರು ಯಾವುದರ ಬಗ್ಗೆ ಹೇಳುತ್ತಾರೆ? ಬಿಲ್ ಕೌಂಟರಿನವನು ಎದ್ದು, "ಪ್ರಮಾದಂ, ಮೇಡಂ, ಬಹಳ ಚೆನ್ನಾಗಿತ್ತು. ಪಾಯಸಕ್ಕೆ ಏಲಕ್ಕಿ ಒಂದು ಚೂರು ಮುಂದಾಯ್ತು" ಎಂದ. ಇಡ್ಲಿಯವನು ಅದನ್ನು ಒಪ್ಪಲಿಲ್ಲ, ಏಲಕ್ಕಿ ಸರಿಯಾಗಿಯೇ ಇತ್ತು, ಎಲೆ ಮಾತ್ರ ಸಣ್ಣದಾಯಿತು ಎಂದ. ಕ್ಲೀನಿಂಗಿನ ಹೆಂಗಸೊಬ್ಬಳು ಪಲ್ಯಕ್ಕೆ ತೆಂಗಿನಕಾಯಿ ಹಾಕಿದ ಪುಣ್ಯಾತ್ಮರು ನೂರು ಕಾಲ ಬಾಳಲಿ ಎಂದು ತಮಿಳಿನಲ್ಲಿ ಹರಸಿದಳು. ಹುಡುಗಿ, "ಸಾಪ್ಪಾಡು ಇಲ್ಲೆಂಗ, ಟ್ರೇನಿಂಗ್! ಊಟ ಅಲ್ಲ, ಪಾಠದ ಬಗ್ಗೆ ಹೇಳಿ!" ಎಂದು ಅಂಗಲಾಚಿದಳು. ಪಾಠವೂ ಚೆನ್ನಾಗಿತ್ತು ಎಂದು ಹೇಳಿ ಮತ್ತೆ ಸಾರಿಗೆ ಬಂದರು. ಒಬ್ಬೊಬ್ಬರೂ ಕೊನೆಯಲ್ಲಿ ಹೇಳಿದ್ದು ಒಂದೇ ಮಾತು. "ಎಷ್ಟಾದರೂ ಭಟ್ರ ಕೈ ಅಲ್ವಾ!"

ಕಂಪನಿಯ ಮೇಡಂ ನಗುತ್ತಾ, ಯಾರು ಆ ಭಟ್ಟರು, ನಾನು ನೋಡಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಟ್ಟರು ಎದ್ದು ನಿಂತರು. ಈಗ, ಈಗ ಹೇಳುತ್ತಾರೆ ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅವರು ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ಧಣಿಗಳನ್ನು ನೋಡಿದರು. ಎರಡೂ ಕೈ ಜೋಡಿಸಿ, "ಎಲ್ಲ ದೇವರ ದಯೆ" ಎಂದು ಹೇಳಿ ಕೂತುಬಿಟ್ಟರು.

ಎದ್ದು ನಿಂತದ್ದು ಗೊತ್ತಾಗಲಿಲ್ಲ. "ಮೇಡಂ, ಅಡುಗೆ ನಾನು ಮಾಡಿದ್ದು" ಎಂದೆ. ಕನ್ನಡದಲ್ಲಿ ಹೇಳಿದೆ, ತಮಿಳಿನಲ್ಲಿ ಹೇಳಿದೆ. ಇವತ್ತಿನದು ಮಾತ್ರ ಅಲ್ಲ, ಭಟ್ಟರಿಗೆ ವಾಸನೆ ಹೋದಂದಿನಿಂದ ನಾನೇ ಮಾಡುವುದು ಎಂದೆ. "ನನ್ನನ್ನು ಸ್ಟೋರಿನವಳು ಅಂತಾರೆ. ನಾನು ಮೀನು ಹಿಡಿಯುವವರ ಮಗಳು, ನನಗೆ ಆ ಮೆಟ್ಟಿಲು ಹತ್ತುವ ಹಾಗಿಲ್ಲ. ಹತ್ತಿ ಮಾಡ್ತೇನೆ, ಧಣಿಗಳು ಬಂದ್ರೆ ಇಳಿದು ನಿಲ್ತೇನೆ. ಇನ್ನು ಇಳಿಯುದಿಲ್ಲ. ನನಗೆ ಆ ಒಲೆ ಬೇಕು. ನೀವೆಲ್ಲ ಬೆಳಗ್ಗೆಯಿಂದ ಹೇಳಿದ್ದು ಇದೇ ಅಲ್ವಾ? ಹಾಗಾದ್ರೆ ಕೊಡಿಸಿ."

ಆಗ ಧಣಿಗಳು ನಕ್ಕರು. ಎಷ್ಟು ಚೆನ್ನಾಗಿ ನಕ್ಕರು! "ನೋಡಿ ಮೇಡಂ, ನಾನು ಹೇಳಿದೆನಲ್ಲ, ನಮ್ಮಲ್ಲಿ ಎಲ್ಲ ಒಂದೇ ಕುಟುಂಬ. ಯಾರು ಬೇಕಾದ್ರೂ ಯಾವ ಕೆಲಸ ಬೇಕಾದ್ರೂ ಮಾಡ್ಬಹುದು" ಎಂದರು. ಟ್ರೇನಿಂಗಿನ ಹುಡುಗಿಯ ಕಣ್ಣು ತುಂಬಿ ಬಂದಿತ್ತು. ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. ನಾನು ಬೇಡುತ್ತಿದ್ದದ್ದು ಅವಳಿಗೆ ಹೆಮ್ಮೆಯ ಮಾತಾಗಿ ಕೇಳಿಸಿತ್ತು. ತನ್ನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದಳು. ನನ್ನನ್ನೂ ಧಣಿಗಳನ್ನೂ ಮೇಡಂ ಅವರನ್ನೂ ಒಟ್ಟಿಗೆ ನಿಲ್ಲಿಸಿ ಫೋಟೋ ತೆಗೆದರು. ಮೇಡಂ ನನ್ನ ಕೈ ಹಿಡಿದು ಕುಲುಕಿದರು. ನಾನು ಪೆದ್ದಿ, ಗೆದ್ದೆ ಅಂದುಕೊಂಡೆ.

ಸಂಜೆ ಧಣಿಗಳು ಕೆಳಗಿನ ಕ್ಯಾಬಿನ್ನಿಗೆ ಕರೆದರು. ಕೂರಲು ಹೇಳಿದರು, ಕಾಫಿ ತರಿಸಿದರು. ಅಪ್ಪನಿಗೆ ಈ ಮನೆತನದವರು ಎಂದೂ ಕೂತುಕೋ ಎಂದದ್ದಿಲ್ಲ. ಕ್ಯಾಂಟೀನ್ ಸಿಕ್ಕಿತು, ನಿನ್ನ ಮಾತಿನಿಂದಲೇ ಸಿಕ್ಕಿತು ಎಂದರು.

"ಕಂಪನಿಯವರು ಒಂದು ಸಮಾನತೆ ಕಮಿಟಿ ಮಾಡಿ ಅಂತಾರೆ. ಅದಕ್ಕೆ ನೀನೇ ಇರ್ಬೇಕು. ವರ್ಷಕ್ಕೊಮ್ಮೆ ಮೀಟಿಂಗು."

"ಆಯ್ತು ಧಣಿ. ಒಲೆ?"

ಅವರು ಮೇಜಿನ ಮೇಲಿನ ಗಾಜನ್ನು ಬೆರಳಿನಿಂದ ಉಜ್ಜಿದರು. "ಭಟ್ರ ಅಳಿಯನಿಗೆ ಮಾತು ಕೊಟ್ಟಾಗಿದೆ. ಬರುವ ತಿಂಗಳು ಬರ್ತಾನೆ. ಅಲ್ಲಿವರೆಗೆ ನೀನು ಭಟ್ರಿಗೆ ಸ್ವಲ್ಪ ಸಹಾಯ ಮಾಡಿಕೊಂಡಿರು, ಆಮೇಲೆ ಸ್ಟೋರ್ ನೋಡ್ಕೊ. ನೋಡು, ನನಗೆ ಎಂತ ಇಲ್ಲ. ಮದುವೆ ಪಾರ್ಟಿಗಳು ಇದ್ದಾರಲ್ಲ, ಅವರಿಗೆ ನಾನು ಎಂತ ಹೇಳಲಿ? ನೀನು ಮಾಡ್ತಿದ್ದೆ, ಯಾರಾದ್ರೂ ಬೇಡ ಅಂದ್ರಾ? ಹೇಳ್ಬಾರದಿತ್ತು. ಹೇಳಿದ ಮೇಲೆ ಹೇಗೆ ಇಟ್ಕೊಳ್ಳುದು?"

ನನಗೆ ಮಾನ ಮರ್ಯಾದೆ ಎಲ್ಲ ಮರೆತುಹೋಯಿತು. "ಧಣಿ, ನನ್ನನ್ನು ಕೆಳಗೆ ಇಳಿಸಬೇಡಿ. ಯಾರ ಹೆಸರು ಬೇಕಾದ್ರೂ ಹಾಕಿ. ಅಳಿಯನೇ ಮುಂದೆ ನಿಲ್ಲಲಿ. ನಾನು ಹಿಂದೆ ಇರ್ತೇನೆ, ಇನ್ನು ಬಾಯಿ ಬಿಡುದಿಲ್ಲ. ದಮ್ಮಯ್ಯ" ಎಂದೆ. ಮಧ್ಯಾಹ್ನ ಅಷ್ಟು ಜನರ ಮುಂದೆ ಇನ್ನು ಇಳಿಯುವುದಿಲ್ಲ ಎಂದವಳು ನಾನೇ. ಕಾಫಿ ಆರಿಹೋಗುತ್ತದೆ, ಕುಡಿ ಎಂದರು. ನಾನು ಅತ್ತುಕೊಂಡೇ ಕುಡಿದೆ. ಎದುರಿಗಿಟ್ಟದ್ದನ್ನು ಬಿಟ್ಟು ಏಳಬಾರದು ಎಂದು ಅಪ್ಪ ಕಲಿಸಿದ್ದರು.

ಮಾರನೆಯ ಬೆಳಿಗ್ಗೆ ಕೋಡಂಬಾಕ್ಕಂನ ಅಡುಗೆಮನೆಯ ಬಾಗಿಲು ತಳ್ಳಿದ ಕೂಡಲೇ ಮೂಗಿಗೆ ಬಡಿಯಿತು. ನೆಲವೆಲ್ಲ ಒದ್ದೆ. ಒಲೆಗಳ ಕಟ್ಟೆ ತೊಳೆದಿತ್ತು, ಗೋಡೆಗಳ ಮೇಲೆ ಎದೆಯೆತ್ತರದವರೆಗೆ ನೀರು ಚಿಮುಕಿಸಿದ ಕಲೆ. ಮೆಟ್ಟಿಲಿನ ಮೇಲೆ ಹೊಸ ರಂಗೋಲಿ. ಭಟ್ಟರ ಕೈಕೆಳಗಿನ ಇಬ್ಬರಲ್ಲಿ ದೊಡ್ಡವನು ನನ್ನ ಮುಖ ನೋಡಲಿಲ್ಲ. "ಜಿರಳೆ ಜಾಸ್ತಿಯಾಗಿತ್ತು. ಧಣಿಗಳು ಪೆಸ್ಟ್ ಕಂಟ್ರೋಲ್ ಮಾಡಿಸಿದ್ರು" ಎಂದ. ನೀರು ಹೋಗುವ ಜಾಲರಿಯಲ್ಲಿ ಎರಡು ಎಸಳು ದರ್ಭೆ ಸಿಕ್ಕಿಕೊಂಡಿತ್ತು. ದರ್ಭೆಯಲ್ಲಿ ಜಿರಳೆ ಕೊಲ್ಲುವುದನ್ನು ನಾನು ಎಲ್ಲೂ ಕೇಳಿಲ್ಲ. ಗಂಜಲ, ಸಗಣಿ, ಹುಳಿ ಮೊಸರು, ತುಪ್ಪ. ಒಂದೊಂದೂ ಬೇರೆ ಬೇರೆಯಾಗಿ ನನಗೆ ಸಿಗುತ್ತಿತ್ತು. ಪುರೋಹಿತರು ಬಂದು ಪಂಚಗವ್ಯ ಚೆಲ್ಲಿ ಪುಣ್ಯಾಹ ಮಾಡಿ ಹೋಗಿದ್ದರು. ಇಷ್ಟು ವರ್ಷ ನಾನು ನಿಂತು ಬೇಯಿಸಿದ ಜಾಗದಿಂದ ನನ್ನನ್ನು ತೊಳೆದು ತೆಗೆದಿದ್ದರು. ಆದರೂ ಹನ್ನೊಂದು ಗಂಟೆಗೆ ಊಟದ ವ್ಯಾನ್ ಹೊರಡಬೇಕು, ಬೇಗ ಮೇಲೆ ಬಾ ಅಕ್ಕ ಎಂದು ಅವನೇ ಕರೆಯುತ್ತಿದ್ದ.

ರಂಗೋಲಿ ತುಳಿದೇ ಹತ್ತಿದೆ. ಬೇರೆ ದಾರಿ ಇರಲಿಲ್ಲ. ಬೇಳೆ ಇಟ್ಟೆ, ಹುಣಸೆ ಕಿವುಚಿದೆ. ಕೈಗಳು ತಮ್ಮ ಪಾಡಿಗೆ ಮಾಡುತ್ತಿದ್ದವು. ಅಳಬಾರದು, ಮೂಗು ಕಟ್ಟಿದರೆ ಸಾರು ಕೆಡುತ್ತದೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಭಟ್ಟರು ದೇವಸ್ಥಾನಕ್ಕೆ ಹೋಗಿ ತಡವಾಗಿ ಬಂದರು. ಹಣೆಯಲ್ಲಿ ಗಂಧ. ಸ್ಟೂಲು ಎಳೆದುಕೊಂಡು ಕೂತರು. ನಿನ್ನೆಯ ಮಾತು ಎತ್ತಲಿಲ್ಲ. ಅತ್ತ ಇತ್ತ ನೋಡಿ, "ನೆಲ ಎಂತಕ್ಕೆ ಒದ್ದೆ?" ಎಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಅಷ್ಟು ವಾಸನೆಯ ನಡುವೆ ಕೂತಿದ್ದರೂ ಅವರಿಗೆ ಅದು ಇರಲಿಲ್ಲ. ಸಾರು ಕುದಿ ಬಂದ ಸದ್ದು ಕೇಳಿ, ದಿನಾ ಕೇಳುವ ಹಾಗೆಯೇ ಕೇಳಿದರು. "ಎಂತ ವಾಸನೆ ಬರ್ತಾ ಉಂಟು, ಹೇಳು."

"ಗಂಜಲದ್ದು ಭಟ್ರೇ" ಎಂದೆ. "ಪುಣ್ಯಾಹ ಮಾಡಿಸಿದ್ದಾರೆ. ನಿನ್ನೆ ನಾನು ಬಾಯಿ ಬಿಟ್ಟೆನಲ್ಲ, ಅದಕ್ಕೆ."

ಅವರ ಕೈ ಬೈರಾಸಿನ ಮೇಲೆ ನಿಂತಿತು. ತುಟಿ ಅಲುಗಿತು. ನಾನು ಸೌಟು ಹಿಡಿದುಕೊಂಡು ಕಾದೆ. ಒಂದು ಮಾತು ಸಾಕಿತ್ತು. ತಪ್ಪಾಯಿತು ಎನ್ನುವುದೂ ಬೇಡ, ಛೆ ಎಂದಿದ್ದರೂ ಸಾಕಿತ್ತು. ಗೋಡೆಯಾಚೆ ಲೋಕಲ್ ಟ್ರೈನ್ ಒಂದು ಬಂದು ನಿಂತು ಹೋಯಿತು.

"ಅದು ಇರಲಿ" ಎಂದರು. "ಸಾರಿಂದು ಹೇಳು. ಹೊತ್ತಾಯ್ತು."

ಕೊಪ್ಪರಿಗೆಯ ಮೇಲೆ ಬಾಗಿದೆ. ಕೈಯಿಂದ ಹಬೆ ಎಳೆದುಕೊಂಡೆ. ಗಂಜಲವನ್ನು ದಾಟಿಕೊಂಡು ಹುಳಿ ಬಂತು, ಬೆಲ್ಲ ಬಂತು, ಕೊತ್ತಂಬರಿ ಬಂತು.

"ಇಂಗು ಸಾಲದು" ಎಂದೆ.